ನೆಟ್ಟಿ ಸಹಿ ಹಾಕಿದ ಕಾಗದ

ಒಹಾಯೋದಿಂದ ಬಂದವನು ಬಾಗಿಲು ತಳ್ಳಿದ ರಭಸಕ್ಕೆ ಮೇಲೆ ಕಟ್ಟಿದ್ದ ಗಂಟೆ ಕಿತ್ತು ನೆಲಕ್ಕೆ ಬಿತ್ತು. ಅವನು ಅದನ್ನು ದಾಟಿಕೊಂಡು ನೇರವಾಗಿ ಅಂಗಡಿಯ ಹಿಂಭಾಗದ ಬಂದೂಕಿನ ಕೌಂಟರಿಗೆ ಬಂದ. ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಗಾಜಿನ ಮೇಲೆ ಹರಡಿದ.

"ನನ್ನ ರೈಫಲ್ ಎಲ್ಲಿ?"

ನೆಟ್ಟಿ ಕ್ಲೈನ್ ಗಾಳಕ್ಕೆ ಸಿಕ್ಕಿಸುವ ಎರೆಹುಳುಗಳ ಡಬ್ಬಿಗಳನ್ನು ಫ್ರಿಜ್ಜಿನೊಳಗೆ ಜೋಡಿಸುತ್ತಿದ್ದಳು. ಕೈ ಒರೆಸಿಕೊಳ್ಳುತ್ತಾ ಬಂದಳು. ಅಕ್ಟೋಬರ್ ತಿಂಗಳು. ಜಿಂಕೆ ಬೇಟೆ ಶುರುವಾಗಲು ಇನ್ನು ಆರೇ ವಾರ. ಈ ದಿನಗಳಲ್ಲಿ ಗಂಡಸರು ದುಡುಕುವುದು ಅವಳಿಗೆ ಹೊಸದಲ್ಲ.

"ಯಾವ ರೈಫಲ್ಲು? ಹೆಸರು ಹೇಳಿ, ನೋಡ್ತೀನಿ."

"ಡೆಲ್ಬರ್ಟ್ ಟಕೆಟ್. ನಾಟಕ ಆಡ್ಬೇಡಿ ನನ್ ಹತ್ರ. ದುಡ್ಡು ಕಳ್ಸಿ ಮೂರು ವಾರ ಆಯ್ತು. ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂದ್ರಿ. ಈಗ ಫೋನೇ ಎತ್ತಲ್ಲ. ಐದು ಗಂಟೆ ಗಾಡಿ ಓಡಿಸ್ಕೊಂಡು ಬಂದಿದೀನಿ ನಾನು."

"ನೋಡಪ್ಪಾ, ನಾನು ನಿಮಗೆ ಏನೂ ಮಾರಿಲ್ಲ. ನಿಮ್ಮ ಮುಖಾನೇ ಇವತ್ತು ನೋಡ್ತಿರೋದು."

"ಹಾಗಾದ್ರೆ ಇದೇನು? ಇದು ನಿಮ್ಮ ಸಹಿ ಹೌದೋ ಅಲ್ವೋ?"

ನೆಟ್ಟಿ ಕನ್ನಡಕ ಏರಿಸಿ ಕಾಗದ ನೋಡಿದಳು. ಅವಳ ಲೈಸೆನ್ಸಿನ ನಕಲು. ಅಂಗಡಿಯ ಹೆಸರು, ವಿಳಾಸ, ಸರ್ಕಾರ ಕೊಟ್ಟ ನಂಬರು, ಎಲ್ಲವೂ ಸರಿಯಾಗಿತ್ತು. ಕೆಳಗೆ ನೀಲಿ ಶಾಯಿಯಲ್ಲಿ ಅವಳ ಸಹಿ. ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಎಳೆದದ್ದು ಕೂಡ ಅವಳದೇ ಕೈ. ಫೋನ್ ನಂಬರು ಮಾತ್ರ ಬೇರೆಯಾಗಿತ್ತು. ಹಳೆಯ ನಂಬರಿನ ಮೇಲೆ ಹೊಸದನ್ನು ಎಷ್ಟು ಚೊಕ್ಕವಾಗಿ ಕೂರಿಸಿದ್ದರೆಂದರೆ ಅವಳೇ ಎರಡು ಸಲ ನೋಡಬೇಕಾಯಿತು.

"ಸಹಿ ನಂದೇ," ಎಂದಳು. ಸುಳ್ಳು ಹೇಳುವುದು ಅವಳಿಗೆ ಬಂದಿದ್ದರೆ ಆ ದಿನ ಸುಲಭವಾಗಿ ಮುಗಿಯುತ್ತಿತ್ತು.

"ಮತ್ತೆ?"

"ಸಹಿ ನಂದು. ಮಾರಿದ್ದು ನಾನಲ್ಲ. ಯಾರೋ ನಿಮಗೆ ಟೋಪಿ ಹಾಕಿದಾರೆ."

ಡೆಲ್ಬರ್ಟ್ ಟಕೆಟ್‌ನ ಮುಖ ಕೆಂಪಾಯಿತು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಇಬ್ಬರೂ ನಮ್ಮೂರಿನವರೇ, ಕೋಳಿಯ ಮೇವಿನ ಮೂಟೆ ಎತ್ತುತ್ತಿದ್ದವರು ಎತ್ತಿದ ಹಾಗೇ ನಿಂತರು. ಅವನು ಅವರಿಗೂ ಕೇಳುವಂತೆ ಕೂಗಿದ. "ಅಜ್ಜಿ ಥರ ಮುಖ ಇಟ್ಕೊಂಡು ಹಗಲು ದರೋಡೆ ಮಾಡ್ತೀಯಲ್ಲಾ, ನಾಚಿಕೆ ಆಗಲ್ವಾ ನಿಂಗೆ? ಒಂಬೈನೂರು ಡಾಲರು! ಸರ್ಕಾರದ ವೆಬ್‌ಸೈಟಲ್ಲಿ ನಿನ್ನ ನಂಬರು ಹಾಕಿ ನೋಡಿದೀನಿ, ನಿನ್ ಹೆಸರೇ ಬಂತು!"

ಹೊರಗೆ ಹೋಗುವಾಗ ಮೆಟ್ಟಿಲ ಮೇಲೆ ಉಗುಳಿ ಹೋದ. ನೆಟ್ಟಿ ಬಕೆಟ್ಟಿನಲ್ಲಿ ನೀರು ತಂದು ಅದನ್ನು ತೊಳೆದಳು. ಕಿತ್ತು ಬಿದ್ದಿದ್ದ ಗಂಟೆಯನ್ನು ಎತ್ತಿ ಮತ್ತೆ ಬಾಗಿಲಿಗೆ ಕಟ್ಟಿದಳು.

ಆ ಸಹಿ ಅಲ್ಲಿಗೆ ಹೋದದ್ದು ಹೇಗೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಈ ವ್ಯಾಪಾರದ ಪದ್ಧತಿಯೇ ಹಾಗಿದೆ. ಒಂದು ರಾಜ್ಯದವನು ಇನ್ನೊಂದು ರಾಜ್ಯದವನಿಗೆ ಬಂದೂಕು ಮಾರಿದರೆ ಅದು ಸೀದಾ ಮನೆಗೆ ಬರುವಂತಿಲ್ಲ. ಲೈಸೆನ್ಸ್ ಇರುವ ಅಂಗಡಿಗೆ ಬರಬೇಕು, ಅಲ್ಲಿ ಕೊಳ್ಳುವವನು ಫಾರ್ಮು ತುಂಬಬೇಕು, ಅವನ ಪೂರ್ವಾಪರ ವಿಚಾರಣೆಯಾಗಬೇಕು, ಆಮೇಲೆ ಕೈಗೆ ಸಿಗಬೇಕು. ಹೀಗಾಗಿ ಕಳಿಸುವವನು ಮೊದಲು ಆ ಅಂಗಡಿಯವರಿಂದ ಲೈಸೆನ್ಸಿನ ನಕಲನ್ನು ಸಹಿ ಹಾಕಿಸಿ ತರಿಸಿಕೊಳ್ಳುತ್ತಾನೆ. ಯಾರಾದರೂ ಕೇಳಿದರೆ ಕಳಿಸಿಬಿಡುವುದು ಅಂಗಡಿಯವರ ಮರ್ಯಾದೆ. ಪಕ್ಕದ ಮನೆಯವರು ಏಣಿ ಕೇಳಿದರೆ ಕೊಡುವುದಿಲ್ಲವೇ, ಹಾಗೆ. ಏಪ್ರಿಲ್‌ನಲ್ಲಿ ಯಾರೋ ಒಬ್ಬ ಮೇಲ್ ಮಾಡಿದ್ದ. ನಿಮ್ಮ ಗಿರಾಕಿಗೊಂದು ಬಂದೂಕು ಕಳಿಸಬೇಕು, ದಯವಿಟ್ಟು ಸಹಿ ಹಾಕಿದ ನಕಲು ಕಳಿಸಿ. ನೆಟ್ಟಿ ಕಾಫಿ ಆರುವುದರೊಳಗೆ ಕಳಿಸಿದ್ದಳು. ಆ ಬಂದೂಕು ಬರಲೇ ಇಲ್ಲ. ವ್ಯಾಪಾರ ಮುರಿದಿರಬೇಕು ಎಂದುಕೊಂಡು ಮರೆತಿದ್ದಳು. ಆ ಕಳ್ಳನಿಗೆ ಬೇಕಿದ್ದದ್ದು ಅದೊಂದೇ ಕಾಗದ.

ಈ ಅಂಗಡಿಯನ್ನು ಶುರು ಮಾಡಿದವನು ಅವಳಪ್ಪ ಇರ್ವಿನ್ ಕ್ಲೈನ್. ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವೆ ಒಂದೇ ರಸ್ತೆಯ ಊರು ನಮ್ಮದು, ಕಾಬ್ಸ್ ರನ್. ಮೇವು, ಮೊಳೆ, ಗಾಳ, ಬೇಟೆಯ ಪರ್ಮಿಟ್ಟು, ಹಿಂದಿನ ಗೋಡೆಗೆ ಬಂದೂಕುಗಳು. ಇರ್ವಿನ್‌ಗೆ ಗಂಡುಮಕ್ಕಳಿರಲಿಲ್ಲ. ಅವನು ಪಾರ್ಶ್ವವಾಯು ಬಡಿದು ಬಿದ್ದಾಗ ನೆಟ್ಟಿಗೆ ಮೂವತ್ತೊಂದು. ಮೊದಲ ವರ್ಷ ಗಂಡಸರು ಬಾಗಿಲಲ್ಲೇ ನಿಂತು, "ಯಾರಾದ್ರೂ ಇದಾರೇನಮ್ಮಾ?" ಎಂದು ಕೇಳುತ್ತಿದ್ದರು, ಅವಳು ಎದುರಿಗೇ ನಿಂತಿದ್ದರೂ. ಒಬ್ಬನಂತೂ ರೈಫಲ್ಲನ್ನು ಅವಳ ಕೈಗೆ ಕೊಡಲು ಹಿಂಜರಿದು, "ಭಾರ ಇದೆ, ಹುಷಾರು," ಎಂದ. ನೆಟ್ಟಿ ಅದನ್ನು ಇಸಿದುಕೊಂಡು, ಅವನು ಬಾಯಿ ಮುಚ್ಚುವುದರೊಳಗೆ ಬಿಚ್ಚಿ, ತುಕ್ಕು ಹಿಡಿದಿದ್ದ ಸ್ಪ್ರಿಂಗನ್ನು ಅವನ ಅಂಗೈಯಲ್ಲಿಟ್ಟು, "ಇದು ಹೊಸದು ಹಾಕಿಸು. ಭಾರ ಏನಿಲ್ಲ," ಎಂದಿದ್ದಳಂತೆ.

ಅವಳ ಬಾಯಿಗೆ ಹೆದರದವರು ನಮ್ಮ ಕಣಿವೆಯಲ್ಲಿ ಕಡಿಮೆ. ಕುಡಿದು ಬಂದವನಿಗೆ ಮಾರಲಿಲ್ಲ. ಹೆಂಡತಿಯ ಮೇಲೆ ಮುನಿಸಿಕೊಂಡು ಬಂದವನಿಗೆ ಮಾರಲಿಲ್ಲ. ಒಮ್ಮೆ ಪಾದ್ರಿಯ ತಮ್ಮ ಬಂದು ಗುಂಡಿನ ಬೆಲೆಯನ್ನೇ ಕೇಳದೆ ಒಂದು ಪಿಸ್ತೂಲು ಕೊಡು ಎಂದಾಗ, ಅವನ ಕಣ್ಣು ನೋಡಿ, ಅಂಗಡಿಗೆ ಬೀಗ ಹಾಕಿ, ಅವನನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ಅವನು ಇವತ್ತಿಗೂ ಬದುಕಿದ್ದಾನೆ. ಮೂವತ್ತೆರಡು ವರ್ಷ ಹೀಗೆ ನಡೆಸಿದ ಮೇಲೆ, ಯಾರ ಹತ್ತಿರವಾದರೂ ಬಂದೂಕಿದೆ ಎಂದರೆ "ನೆಟ್ಟಿ ನೋಡಿದ್ದಾಳಾ?" ಎಂದು ಕೇಳುವ ರೂಢಿ ಬಂತು. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಅವಳ ಗಳಿಕೆ ಎಂದರೆ ಅದೊಂದು ಮಾತು.

ಟಕೆಟ್ ಬಂದು ಹೋದ ಆರನೇ ದಿನ ನ್ಯೂಯಾರ್ಕ್ ಕಡೆಯಿಂದ ಗಂಡ ಹೆಂಡತಿ ಬಂದರು. ಆಮೇಲೆ ಮೇರಿಲ್ಯಾಂಡಿನಿಂದ ಒಬ್ಬ. ಆಮೇಲೆ ವಕೀಲರದೊಂದು ಕಾಗದ. ಗಂಡ ಹೆಂಡತಿಯಲ್ಲಿ ಆ ಹೆಂಗಸು ಕೂಗಾಡಲಿಲ್ಲ, ಬರೀ ಅತ್ತಳು. ಗಂಡನ ಅರವತ್ತನೇ ಹುಟ್ಟುಹಬ್ಬಕ್ಕೆಂದು, ಅವನಪ್ಪನ ಹತ್ತಿರ ಇದ್ದಂಥದೇ ಕೆಳಗಿನ ಲಿವರ್ ಎಳೆದು ಗುಂಡು ಏರಿಸುವ ರೈಫಲ್ ಹುಡುಕಿ ದುಡ್ಡು ಕಟ್ಟಿದ್ದಳಂತೆ. ಟಕೆಟ್ ಬೈದಾಗ ತಡೆದುಕೊಂಡಿದ್ದ ನೆಟ್ಟಿಗೆ ಇವಳ ಅಳುವನ್ನು ತಡೆಯಲಾಗಲಿಲ್ಲ. ಪೊಲೀಸರಿಗೆ ಹೇಳಿದಳು. ಬಂದ ಹುಡುಗ ಪೊಲೀಸು ಮರ್ಯಾದೆಯಿಂದಲೇ ಬರೆದುಕೊಂಡ. "ಇವರು ಎಲ್ಲೋ ದೂರದೇಶದಲ್ಲಿ ಕೂತಿರ್ತಾರೆ ಮೇಡಂ. ನಾವು ಬರ್ಕೋತೀವಿ, ಮೇಲಕ್ಕೆ ಕಳಿಸ್ತೀವಿ," ಎಂದ. ಮೇಲಕ್ಕೆ ಹೋದದ್ದು ಕೆಳಕ್ಕೆ ಬರಲಿಲ್ಲ.

ನವೆಂಬರಿನ ಮೊದಲ ಭಾನುವಾರ ಅಗ್ನಿಶಾಮಕದವರ ಹಾಲ್‌ನಲ್ಲಿ ಊರಿನ ನಾಷ್ಟಾ. ಪ್ರತಿವರ್ಷ ನೆಟ್ಟಿ ಅಲ್ಲಿ ದೋಸೆಕಲ್ಲಿನಂಥ ದೊಡ್ಡ ಕಬ್ಬಿಣದ ಹಂಚಿನ ಮುಂದೆ ನಿಂತು ಪ್ಯಾನ್‌ಕೇಕ್ ಹುಯ್ಯುವವಳು. ಆ ದಿನ ಅವಳು ಒಳಗೆ ಬಂದಾಗ ಕೆಲವರು ತಟ್ಟೆಯ ಕಡೆ ತಲೆ ತಗ್ಗಿಸಿದರು. ಹಂಚಿನ ಮುಂದೆ ಬೇರೆ ಯಾರೋ ನಿಂತಿದ್ದರು. "ನಿಂಗೆ ಈ ವರ್ಷ ತೊಂದ್ರೆ ಇದೆಯಲ್ಲಾ, ಸುಮ್ನೆ ಕೂತ್ಕೊ ನೆಟ್ಟೀ," ಎಂದರು. ಅವಳು ಕೂತಳು. ಎದುರಿನ ಕುರ್ಚಿಗೆ ಬಂದವನು ಲಮಾರ್ ಫ್ರೈ ಒಬ್ಬನೇ. ಕಲ್ಲುಗಣಿಯಲ್ಲಿ ಲಾರಿ ಓಡಿಸಿ ನಿವೃತ್ತನಾದವನು, ಅವಳ ಜೊತೆ ಒಂದೇ ಬೆಂಚಿನಲ್ಲಿ ಓದಿದವನು.

"ಏನಂತೆ ಎಲ್ರದೂ?" ನೆಟ್ಟಿ ಕೇಳಿದಳು.

"ಏನಿಲ್ಲ, ತಿನ್ನು."

"ಲಮಾರ್, ನನ್ ಹತ್ರ ಗುಟ್ಟು ಮಾಡಿದ್ರೆ ಈ ಸಿರಪ್ ನಿನ್ ತಲೆ ಮೇಲೆ ಹುಯ್ತೀನಿ."

ಲಮಾರ್ ಫೋರ್ಕು ಕೆಳಗಿಟ್ಟ. "ನೀನು ಮಾಡಿದೀಯ ಅಂತ ಯಾರೂ ಹೇಳ್ತಿಲ್ಲ. ಆದ್ರೆ ಅಷ್ಟು ದೂರದಿಂದ ಅಷ್ಟು ಜನ ಸುಮ್ಸುಮ್ನೆ ಬರ್ತಾರಾ ಅಂತ ಕೇಳ್ತಾರೆ. ವಯಸ್ಸಾಯ್ತು, ಎಲ್ಲೋ ಎಡವಟ್ಟು ಮಾಡ್ಕೊಂಡಿರ್ಬೇಕು ಅಂತಾರೆ. ಸಹಿ ಅವಳದೇ ಅಂತೆ, ಅವಳೇ ಒಪ್ಕೊಂಡಳಂತೆ ಅಂತಾರೆ."

ನೆಟ್ಟಿ ಎದ್ದು ನಿಂತಳು. ಹಾಲ್‌ನಲ್ಲಿದ್ದ ನೂರಿಪ್ಪತ್ತು ಜನಕ್ಕೂ ಕೇಳುವ ದನಿಯಲ್ಲಿ, "ಸಹಿ ನಂದೇ! ಕಿವಿ ಕೇಳ್ತಾ ಎಲ್ರಿಗೂ? ಸಹಿ ನಂದೇ, ಕಳ್ಳತನ ನಂದಲ್ಲ. ಮೂವತ್ತೆರಡು ವರ್ಷ ನಿಮ್ಮ ಬಂದೂಕು ಉಜ್ಜಿದೀನಿ. ಹಿಂದೆ ಮಾತಾಡೋರು ನಾಳೆ ಅಂಗಡಿಗೆ ಬಂದು ಮುಖಕ್ಕೆ ಮಾತಾಡಿ," ಎಂದು ಹೇಳಿ, ತಿನ್ನದೇ ಹೊರಟುಹೋದಳು. ಮರುದಿನ ಯಾರೂ ಬರಲಿಲ್ಲ. ಲಮಾರ್ ಮಾತ್ರ ಬೆಳಿಗ್ಗೆ ಒಂಬತ್ತಕ್ಕೆ, ತಣ್ಣಗಾದ ಪೈ ತುಂಡೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ.

"ತೋರ್ಸು, ಆ ಕಳ್ಳ ಹಾಕಿರೋ ಜಾಹೀರಾತು. ನಾನೂ ನೋಡ್ತೀನಿ, ಇಷ್ಟು ಜನ ಬೆಪ್ಪಾಗೋಕೆ ಅದರಲ್ಲಿ ಏನಿದೆ ಅಂತ."

ನೆಟ್ಟಿ ಕೌಂಟರಿನ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು. ಹಳೆಯ ಬಂದೂಕು ಮಾರುವವರು ಕೊಳ್ಳುವವರ ಜಾಹೀರಾತಿನ ಪುಟ. ಲಿವರಿನ ರೈಫಲ್ಲೊಂದು ಹೂವಿನ ಚಾದರದ ಮೇಲೆ ಮಲಗಿತ್ತು. ಅದರ ಕೆಳಗೆ, ತೀರಿಕೊಂಡ ಅಪ್ಪನದು, ಹೆಚ್ಚು ಬಳಸಿಲ್ಲ, ಆಸ್ಪತ್ರೆಯ ಖರ್ಚಿಗೆ ಮಾರುತ್ತಿದ್ದೇವೆ ಎಂದು ಬರೆದಿತ್ತು.

"ಆಹಾ," ಎಂದ ಲಮಾರ್. "ಎಂಥ ಚೆಂದದ ಕಟ್ಟಿಗೆ ನೋಡು. ಆ ಹೊಳಪು ನೋಡು. ಒಂಬೈನೂರಕ್ಕೆ ಪುಕ್ಕಟೆ ಅಲ್ವಾ ಇದು?"

"ಅದೇ! ಅದೇ ಆಗಿರೋದು!" ನೆಟ್ಟಿ ಮೇಜು ಗುದ್ದಿದಳು. "ನೀವು ಗಂಡಸರು ಬಂದೂಕು ನೋಡ್ತೀರಿ, ಮಾರೋನನ್ನ ನೋಡಲ್ಲ. ಅದರ ಮೈ ನೋಡಿ ಬಾಯಲ್ಲಿ ನೀರು ಸುರಿಸ್ತೀರಿ. ಇದು ಎರಡು ಸಾವಿರದ ಮಾಲು. ಅರ್ಧಕ್ಕಿಂತ ಕಮ್ಮಿಗೆ ಯಾರು ಕೊಡ್ತಾನೆ? ಕೊಡೋನಾದ್ರೆ ಅವನ ಊರಲ್ಲೇ ಹತ್ತು ಜನ ಕಿತ್ಕೊಂಡು ಹೋಗಿರ್ತಾರೆ."

"ಆಸ್ಪತ್ರೆ ಖರ್ಚು ಪಾಪ..."

"ನಿನ್ನ ಪಾಪಕ್ಕೆ ಬೆಂಕಿ ಬೀಳ! ಇನ್ನೊಂದು ನೋಡು. ಪೆನ್ಸಿಲ್ವೇನಿಯಾ ಅಂತ ಬರೆದಿದಾನೆ. ಈ ಕಿಟಕಿ ಹೊರಗೆ ಏನಿದೆ?"

ಲಮಾರ್ ಕಣ್ಣು ಕಿರಿದು ಮಾಡಿದ. ಫೋಟೋದ ಮೂಲೆಯಲ್ಲಿ ಕಿಟಕಿಯ ಒಂದು ಚೂರು. ಅದರಾಚೆ ತಾಳೆಯ ಜಾತಿಯ ಮರ. "ಥೂ," ಎಂದ.

"ಹಿಮ ಬೀಳೋ ನಮ್ಮ ಕಣಿವೇಲಿ ಯಾವಾಗ ಬೆಳೀತು ಅದು? ಯಾವನೋ ಪಾಪದವನು ಫ್ಲಾರಿಡಾದಲ್ಲಿ ನಿಜವಾಗಿ ಮಾರೋಕೆ ಹಾಕಿದ್ದ ಫೋಟೋ, ಕದ್ದಿದಾರೆ. ಇನ್ನು ಈ ಗುಂಡಿನ ಅಳತೆ ನೋಡು. ಈ ರೈಫಲ್ಲನ್ನ ಆ ಅಳತೇಲಿ ಕಂಪನಿ ಮಾಡೇ ಇಲ್ಲ. ಅಪ್ಪನ ಬಂದೂಕಿಗೆ ಯಾವ ಗುಂಡು ಹಾಕ್ತಿದ್ದ ಅಂತ ಮಗನಿಗೆ ಗೊತ್ತಿಲ್ವಾ? ಬಂದು ನೋಡ್ತೀನಿ ಅಂದ್ರೆ ಊರಲ್ಲಿಲ್ಲ ಅಂತಾನೆ. ಇವತ್ತಿನ ಪೇಪರ್ ಪಕ್ಕ ಇಟ್ಟು ಇನ್ನೊಂದು ಫೋಟೋ ಕಳ್ಸು ಅಂದ್ರೆ ಕ್ಯಾಮೆರಾ ಕೆಟ್ಟಿದೆ ಅಂತಾನೆ. ದುಡ್ಡು ಮಾತ್ರ ವಾಪಸ್ ಪಡೆಯೋಕೆ ಆಗದ ದಾರೀಲೇ ಕಳಿಸ್ಬೇಕು. ಇಷ್ಟೆಲ್ಲಾ ನೋಡಿ ಸಂಶಯ ಬಂದು ಯಾವನಾದ್ರೂ ಕೇಳಿದ ಅಂತಿಟ್ಕೊ. ಆಗ, ಈ ಅಂಗಡಿ ಮೂಲಕ ಕಳಿಸ್ತೀನಿ ಅಂತ ಹೊರಗೆ ತೆಗೀತಾನೆ ನನ್ನ ಕಾಗದ. ಸರ್ಕಾರದ ವೆಬ್‌ಸೈಟಲ್ಲಿ ನಂಬರ್ ಹಾಕಿ ನೋಡು ಅಂತಾನೆ. ಹಾಕಿದ್ರೆ ನಾನು ಬರ್ತೀನಿ. ಅಲ್ಲಿಗೆ ಸಂಶಯ ಸತ್ತುಹೋಯ್ತು."

"ಕಾಗದದಲ್ಲಿರೋ ನಂಬರ್ ಬಿಟ್ಟು, ಡೈರೆಕ್ಟರೀಲಿ ಹುಡುಕಿ ನಿಂಗೆ ಒಂದು ಫೋನ್ ಮಾಡಿದ್ರೆ ಮುಗೀತಿತ್ತಲ್ಲೇ."

"ಒಬ್ಬನೂ ಮಾಡಿಲ್ಲ, ಲಮಾರ್. ಒಬ್ಬನೂ ಮಾಡಿಲ್ಲ. ಎಲ್ರೂ ದುಡ್ಡು ಹೋದ್ಮೇಲೆ ಬಯ್ಯೋಕೆ ಬಂದಿದಾರೆ."

ಅಲ್ಲೇ ಅವಳು ಫೋನ್ ಎತ್ತಿಕೊಂಡಳು. ಜಾಹೀರಾತಿಗೆ ಹಿಂದಿನ ದಿನವೇ ಬರ್ನಿಸ್ ಎಂಬ ಸುಳ್ಳು ಹೆಸರಿನಲ್ಲಿ ಬರೆದಿದ್ದಳು. ಕಳ್ಳ ಉತ್ತರಿಸಿ, ನಂಬಿಕೆಗಾಗಿ ನೆಟ್ಟಿಯದೇ ಲೈಸೆನ್ಸನ್ನು ನೆಟ್ಟಿಗೇ ಕಳಿಸಿದ್ದ. ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಈಗ ಆ ಕಾಗದದಲ್ಲಿದ್ದ ನಂಬರಿಗೆ ಫೋನ್ ಹಚ್ಚಿ, ಲಮಾರ್‌ಗೂ ಕೇಳಲಿ ಎಂದು ದನಿ ಜೋರಾಗಿಟ್ಟಳು.

"ಕ್ಲೈನ್ ಅಂಗಡಿ, ನಮಸ್ಕಾರ," ಎಂದಿತು ಒಂದು ಗಂಡು ದನಿ. ವಿನಯದ, ಚುರುಕಾದ, ಎಳೆಯ ದನಿ.

"ನಮಸ್ಕಾರಪ್ಪಾ. ನಾನು ಬರ್ನಿಸ್. ನೆಟ್ಟಿ ಕ್ಲೈನ್ ಅವರ ಹತ್ರ ಮಾತಾಡ್ಬೇಕಿತ್ತು."

"ಅವರು ನಮ್ಮ ಅತ್ತೆ, ಮೇಡಂ. ವ್ಯಾಪಾರ ಎಲ್ಲಾ ನಾನೇ ನೋಡ್ಕೊಳ್ಳೋದು. ಅತ್ತೆಗೆ ಕಿವಿ ಅಷ್ಟು ಕೇಳಲ್ಲ."

ಲಮಾರ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

"ಅಯ್ಯೋ ಪಾಪ. ಹುಷಾರಾಗಿದಾರಾ?"

"ಇದಾರೆ ಮೇಡಂ. ವಯಸ್ಸಾಯ್ತು, ಸ್ವಲ್ಪ ಮರೆವು. ಒಳ್ಳೆ ಜೀವ. ದುಡ್ಡು ಇವತ್ತೇ ಕಳಿಸಿದ್ರೆ ಹಬ್ಬಕ್ಕೆ ಮುಂಚೆ ನಿಮ್ಮೂರಿನ ಅಂಗಡೀಗೆ ರೈಫಲ್ ಬಂದಿರುತ್ತೆ."

"ನಿಮ್ಮತ್ತೆ ಕೌಂಟರ್ ಹಿಂದಿನ ಗೋಡೇಲಿ ಏನು ನೇತುಹಾಕಿದಾರೆ ಹೇಳು ನೋಡೋಣ."

"ಅಂದ್ರೆ... ಜಿಂಕೆ ತಲೆ ಮೇಡಂ. ದೊಡ್ಡದು."

"ಅಪ್ಪನ ಫೋಟೋ ಕಣೋ, ಬೇವಾರ್ಸಿ! ಇರ್ವಿನ್ ಕ್ಲೈನ್‌ನ ಫೋಟೋ! ನಾನೇ ನೆಟ್ಟಿ. ನನ್ನ ಹೆಸರಲ್ಲಿ ಎಷ್ಟು ಜನದ ಮನೆ ಹಾಳು ಮಾಡಿದೀಯಾ ನೀನು? ಅನ್ನ ತಿಂತೀಯಾ ಇನ್ನೇನು ತಿಂತೀಯಾ?"

ಅವನು ಫೋನ್ ಇಟ್ಟುಬಿಡುತ್ತಾನೆ ಎಂದು ಅವಳು ಎಣಿಸಿದ್ದಳು. ಅವನು ಇಡಲಿಲ್ಲ. ಒಂದು ಸಲ ನಕ್ಕ. ಕೆಟ್ಟ ನಗುವಲ್ಲ, ಕೆಲಸದ ಮಧ್ಯೆ ಪರಿಚಯದವರು ಸಿಕ್ಕಾಗ ನಗುವಂಥದು.

"ಓಹೋ, ನೀವೇನಾ? ಸಂತೋಷ ಆಯ್ತು ಮೇಡಂ. ನಿಜ ಹೇಳ್ಲಾ? ನಮ್ ಹತ್ರ ಇಂಥ ಕಾಗದ ಆರಿವೆ. ನಿಮ್ದೇ ಚೆನ್ನಾಗಿ ಓಡೋದು."

"ಏನಂದೆ?"

"ಜನ ವಿಚಾರಿಸ್ತಾರೆ ಮೇಡಂ. ಹುಷಾರಿರೋರೇ ಜಾಸ್ತಿ ವಿಚಾರಿಸೋದು. ನಿಮ್ಮೂರಿನ ಪೆಟ್ರೋಲ್ ಬಂಕಿಗೆ ಫೋನ್ ಮಾಡ್ತಾರೆ, ಚರ್ಚಿಗೆ ಮಾಡ್ತಾರೆ. ಈ ನೆಟ್ಟಿ ಕ್ಲೈನ್ ಹೇಗೆ ಅಂತ. ಎಲ್ರೂ ಒಂದೇ ಮಾತು, ಬಂಗಾರದಂಥ ಹೆಂಗಸು, ಕಣ್ಮುಚ್ಚಿ ನಂಬಿ ಅಂತ. ಅಲ್ಲಿಂದ ಹತ್ತು ನಿಮಿಷಕ್ಕೆ ದುಡ್ಡು ಬರುತ್ತೆ. ಕಳ್ಳನ ಹೆಸರಿಟ್ಟರೆ ಯಾರು ಕಳಿಸ್ತಾರೆ ಹೇಳಿ? ನಿಮ್ಮ ಲೈಸೆನ್ಸ್ ಇನ್ನೂ ಎರಡು ವರ್ಷ ಇದೆ. ಆರೋಗ್ಯ ನೋಡ್ಕೊಳ್ಳಿ ಮೇಡಂ."

ಆಮೇಲೆ ಇಟ್ಟ.

ನೆಟ್ಟಿ ಫೋನನ್ನು ಕೌಂಟರಿನ ಮೇಲಿಟ್ಟು ಅಪ್ಪನ ಫೋಟೋದ ಕಡೆ ತಿರುಗಿದಳು. ಕುಡುಕರನ್ನು ವಾಪಸ್ ಕಳಿಸಿದ್ದು, ತುಕ್ಕು ಸ್ಪ್ರಿಂಗನ್ನು ಮುಚ್ಚಿಡದೆ ತೋರಿಸಿದ್ದು, ಪಾದ್ರಿಯ ತಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡದ್ದು, ಎಲ್ಲವನ್ನೂ ಆ ಪೋರ ಗಾಳಕ್ಕೆ ಹುಳು ಮಾಡಿ ಸಿಕ್ಕಿಸಿದ್ದ. ಅವಳು ಇನ್ನಷ್ಟು ಒಳ್ಳೆಯವಳಾದಷ್ಟೂ ಅವನಿಗೆ ವ್ಯಾಪಾರ ಹೆಚ್ಚು. ಇದಕ್ಕಿಂತ ನೀಚತನವನ್ನು ನಾನಂತೂ ಕೇಳಿಲ್ಲ.

"ಅಳ್ಬೇಡ್ವೇ," ಎಂದ ಲಮಾರ್.

"ಅಳ್ತಿಲ್ಲ. ಸುಮ್ನಿರು. ಯೋಚ್ನೆ ಮಾಡ್ತಿದೀನಿ."

ಅವಳು ಲೈಸೆನ್ಸ್ ಕೊಡುವ ಕಚೇರಿಗೆ ಫೋನ್ ಮಾಡಿದಳು. ಅಲ್ಲಿನ ಹೆಂಗಸು ಸಮಾಧಾನವಾಗಿ ಕೇಳಿಸಿಕೊಂಡು, ದೂರು ದಾಖಲಾಗಿದೆ, ಎಚ್ಚರಿಕೆಯ ಟಿಪ್ಪಣಿ ಹಾಕುತ್ತೇವೆ ಎಂದಳು. ನೆಟ್ಟಿ ಕೇಳಿದ್ದು ಒಂದೇ ಪ್ರಶ್ನೆ. "ಯಾರಾದ್ರೂ ಆ ನಂಬರ್ ಹಾಕಿ ನೋಡಿದ್ರೆ, ಈಗ್ಲೂ ಸರಿ ಇದೆ ಅಂತಾನೇ ತೋರ್ಸುತ್ತಾ?" ಲೈಸೆನ್ಸ್ ಜೀವಂತ ಇರುವವರೆಗೆ ತೋರಿಸುತ್ತದೆ ಎಂದಳು ಆಕೆ. ನೆಟ್ಟಿ, "ಅದನ್ನ ಸಾಯ್ಸೋಕೆ ಏನು ಮಾಡ್ಬೇಕು?" ಎಂದಳು. ಆಕೆ, ನೀವಾಗಿಯೇ ಲೈಸೆನ್ಸನ್ನು ಒಪ್ಪಿಸಿ ವ್ಯಾಪಾರ ಬಿಡಬೇಕಾಗುತ್ತದೆ, ಹಾಗೆ ಮಾಡಬೇಕೆಂದು ನಾವು ಹೇಳುತ್ತಿಲ್ಲ ಎಂದಳು.

ಲಮಾರ್ ಕುರ್ಚಿಯಿಂದ ಎದ್ದ. "ತಲೆ ಕೆಟ್ಟಿದೆಯಾ ನಿಂಗೆ? ಬೇಟೆಗೆ ಮೂರು ವಾರ ಇದೆ. ವರ್ಷದ ದುಡಿಮೆ ಎಲ್ಲಾ ಈ ಮೂರು ವಾರದಲ್ಲೇ ಅಲ್ವೇನೇ? ಬಂದೂಕು ಬಿಟ್ಟು ಏನು, ಹುಳು ಮಾರ್ತೀಯಾ?"

"ಹುಳು ಮಾರ್ತೀನಿ."

"ಆ ಕಳ್ಳ ಗೆದ್ದಂಗಾಗಲ್ವಾ? ಅವನು ನಾಳೆ ಇನ್ನೊಬ್ಬರ ಕಾಗದ ತಗೋತಾನೆ."

"ತಗೊಳ್ಳಿ. ಅದು ಅವರ ಪಾಡು, ಅವರಿಗೂ ಹೇಳ್ತೀನಿ. ನನ್ನ ಹೆಸರು ಹೇಳ್ಕೊಂಡು ಇನ್ನೊಬ್ಬಳು ನನ್ನ ಕೌಂಟರ್ ಮುಂದೆ ಅಳಬಾರದು. ಅಷ್ಟೇ ನಂಗೆ ಬೇಕಾಗಿರೋದು."

"ಊರಿನವರು ಏನಂತಾರೆ ಗೊತ್ತಾ? ಸರ್ಕಾರದವರು ಕಿತ್ಕೊಂಡರು ಅಂತಾರೆ."

"ಅಂದ್ಕೊಳ್ಳಿ!" ಎಂದು ಕಿರುಚಿದಳು.

ಆ ವಾರವೆಲ್ಲ ಅವಳು ಗೋಡೆ ಖಾಲಿ ಮಾಡಿದಳು. ಮಾರಾಟಕ್ಕಿದ್ದ ಬಂದೂಕುಗಳನ್ನು ಪಕ್ಕದ ಕಣಿವೆಯ ಡ್ವೈಟ್ ಫೆಸ್ಲರ್ ಕೊಂಡುಕೊಂಡ. ಇಪ್ಪತ್ತು ವರ್ಷದಿಂದ ಅವಳ ಎದುರಾಳಿ. ಲಾರಿಗೆ ತುಂಬಿಸುವಾಗ ಅವನು ಟೋಪಿ ತೆಗೆದುಕೊಂಡು ನಿಂತಿದ್ದ, ಸಾವಿನ ಮನೆಗೆ ಬಂದವನ ಹಾಗೆ. ನೆಟ್ಟಿ, "ಟೋಪಿ ಹಾಕ್ಕೋ, ನಾನಿನ್ನೂ ಸತ್ತಿಲ್ಲ. ಮತ್ತೆ ಕೇಳಿದವರಿಗೆಲ್ಲಾ ಆ ಸಹಿ ಹಾಕಿದ ಕಾಗದ ಕಳಿಸ್ಬೇಡ. ಮೊದಲು ನೀನೇ ಅವರ ಅಂಗಡಿ ನಂಬರ್ ಹುಡುಕಿ ಫೋನ್ ಮಾಡು," ಎಂದು ಗದರಿದಳು. ಯಾರು ಯಾವ ಬಂದೂಕು ಕೊಂಡರು ಎಂದು ಅಪ್ಪನ ಕಾಲದಿಂದ ಬರೆದಿಟ್ಟ ದಫ್ತರಗಳನ್ನು ನಿಯಮದ ಪ್ರಕಾರ ಸರ್ಕಾರಕ್ಕೆ ಕಳಿಸಬೇಕಿತ್ತು. ಅವನ್ನು ಪೆಟ್ಟಿಗೆಗೆ ಹಾಕುವ ಮೊದಲು ಅಪ್ಪನ ಕೈಬರಹದ ಪುಟವೊಂದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಟೇಪು ಸುತ್ತಿದಳು. ಲೈಸೆನ್ಸಿನ ಅಸಲು ಕಾಗದವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ ಬಂದಳು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ ಬೇಟೆ ಶುರುವಾಯಿತು. ಬೆಳಕು ಹರಿಯುವುದರೊಳಗೆ ಗುಡ್ಡದ ಕಡೆಯಿಂದ ಗುಂಡಿನ ಸದ್ದು ಕೇಳತೊಡಗಿತು. ನೆಟ್ಟಿ ಕಿತ್ತಳೆ ಬಣ್ಣದ ಟೋಪಿ, ಕೈಗವಸು, ಚಾಕು ಮಾರಿದಳು. ಬಂದವರು ಖಾಲಿ ಗೋಡೆಯನ್ನು ನೋಡಿ ನೋಡದವರಂತೆ ದುಡ್ಡು ಕೊಟ್ಟು ಹೋದರು. ಒಬ್ಬರೂ ಏಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಕೇಳದೇ ತಿಳಿದುಕೊಳ್ಳುವ ಜಾಣರು ನಮ್ಮೂರಿನವರು.

ಹತ್ತು ಗಂಟೆಯ ಸುಮಾರಿಗೆ ಫೋನ್ ಬಂತು. ಲಮಾರ್ ಒಲೆಯ ಹತ್ತಿರ ಕೂತು ಕಾಫಿ ಕುಡಿಯುತ್ತಿದ್ದ.

"ಕ್ಲೈನ್ ಅಂಗಡೀನಾ?" ಎಂದಿತು ಒಂದು ಹೆಣ್ಣು ದನಿ. "ನಾನು ವೆಸ್ಟ್ ವರ್ಜೀನಿಯಾದಿಂದ ಮಾತಾಡ್ತಿರೋದು. ನಿಮ್ಮ ನಂಬರ್ ಡೈರೆಕ್ಟರೀಲಿ ಹುಡುಕಿದೆ. ಒಂದು ರೈಫಲ್ ಜಾಹೀರಾತು ನೋಡಿದೀನಿ. ನಿಮ್ಮಂಗಡಿ ಲೈಸೆನ್ಸ್ ಕಳಿಸಿದಾನೆ. ಸರ್ಕಾರದ ವೆಬ್‌ಸೈಟಲ್ಲಿ ಹಾಕಿದ್ರೆ, ಆ ನಂಬರ್ ಈಗ ಚಾಲ್ತೀಲಿ ಇಲ್ಲ ಅಂತ ಬರ್ತಿದೆ."

ನೆಟ್ಟಿ ಕುರ್ಚಿ ಎಳೆದುಕೊಂಡು ಕೂತಳು. ಇಷ್ಟು ದಿನದಲ್ಲಿ ದುಡ್ಡು ಕೊಡುವ ಮೊದಲು ಕೇಳಿದವಳು ಇವಳೊಬ್ಬಳೇ.

"ಹೌದು. ಒಂದು ಕಾಸೂ ಕಳಿಸ್ಬೇಡಿ. ಅವನು ಮೋಸಗಾರ."

"ಅಲ್ಲ, ಅವನು ಹೇಳ್ತಾನೆ ವೆಬ್‌ಸೈಟ್ ತಪ್ಪು ಅಂತ. ಇನ್ನೊಂದು ಫೋನಲ್ಲಿ ಕಾಯ್ತಿದಾನೆ ಈಗ್ಲೂ. ನಮ್ಮತ್ತೆ ಬಗ್ಗೆ ಯಾರನ್ನಾದ್ರೂ ಕೇಳಿ ನೋಡಿ ಅಂತಾನೆ. ನೆಟ್ಟಿ ಕ್ಲೈನ್ ಅನ್ನೋರು ಯಾರು? ಎಂಥೋರು ಅವರು? ಲೈಸೆನ್ಸ್ ಕಿತ್ಕೊಂಡಿದಾರೆ ಅಂದ್ರೆ ಏನೋ ಮಾಡಿರ್ಬೇಕಲ್ವಾ?"

"ಏನೂ ಮಾಡಿಲ್ಲಮ್ಮಾ ಅವಳು," ಎಂದಳು ನೆಟ್ಟಿ. ತಡೆದುಕೊಳ್ಳಲಾಗಲಿಲ್ಲ. "ಪ್ರಾಮಾಣಿಕವಾಗಿ ಬದುಕಿದವಳು. ತಾನಾಗೇ ಬಿಟ್ಟಳು."

"ಹೌದಾ?" ಆ ದನಿ ಹಗುರವಾಯಿತು. "ಅಂದ್ರೆ ಆಕೆ ಒಳ್ಳೆಯವಳೇ? ಹಾಗಾದ್ರೆ ಅವನು ಹೇಳಿದ್ದೂ ನಿಜ ಇರ್ಬೋದಲ್ವಾ, ಏನೋ ಕಾಗದಪತ್ರದ ತೊಂದ್ರೆ ಇರ್ಬೇಕು. ನನಗೂ ಆ ರೈಫಲ್ ಕೈಬಿಡೋಕೆ ಮನಸ್ಸಿಲ್ಲ. ಆಕೆ ಅಷ್ಟು ಒಳ್ಳೆಯವಳಾಗಿದ್ರೆ..."

ಲಮಾರ್ ಕಾಫಿ ಲೋಟ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ. ನೆಟ್ಟಿ ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡಳು.

"ಇಲ್ಲ," ಎಂದಳು. "ಕೇಳಿ ಇಲ್ಲಿ. ಅವಳು ಕಳ್ಳಿ. ಅದಕ್ಕೇ ಸರ್ಕಾರದವರು ಕಿತ್ಕೊಂಡಿದಾರೆ. ಅವಳ ಹೆಸರು ಯಾರು ಹೇಳಿದ್ರೂ ನಂಬ್ಬೇಡಿ. ನಿಮ್ಮೂರಿನಲ್ಲಿ ಪರಿಚಯದ ಅಂಗಡಿ ಇರುತ್ತಲ್ಲಾ, ಅಲ್ಲಿ ಹೋಗಿ ಕೈಯಲ್ಲಿ ಹಿಡಿದು ನೋಡಿ ಕೊಂಡ್ಕೊಳ್ಳಿ."

"ಅಯ್ಯೋ ದೇವರೇ, ಉಳಿಸಿದ್ರಿ ನನ್ನ! ಈಗ್ಲೇ ಆ ಫೋನ್ ಕಟ್ ಮಾಡ್ತೀನಿ. ಎಂಥೆಂಥ ಜನ ಇರ್ತಾರೆ ನೋಡಿ. ನಮ್ಮ ಬೇಟೆಯವರ ಗುಂಪಿನಲ್ಲೂ ಎಲ್ರಿಗೂ ಹೇಳ್ತೀನಿ ಅವಳ ಹೆಸರು. ನೀವು ಯಾರು ಅಂತ ಗೊತ್ತಾಗ್ಲಿಲ್ಲ, ನಿಮ್ಮ ಹೆಸರೇನಮ್ಮಾ?"

"ನಾನು ಇಲ್ಲಿ ಹುಳು ಮಾರೋಳು," ಎಂದು ಹೇಳಿ ನೆಟ್ಟಿ ಫೋನ್ ಇಟ್ಟಳು.